ನಂಬುಗೆಯೂ ನಿರೂಪಣೆಯೂ

ಹಿರಿಯರು ನುಡಿದುದರಿಂದ ಒಂದು ಮಾತು ಸತ್ಯವಾಗುವುದೋ, ಸತ್ಯವಾದುದರಿಂದ ಹಿರಿಯರು ಅದನ್ನು ನುಡಿಯುವರೋ? ವಾಚಕ ಮಹಾಶಯರೇ, ಈ ಪ್ರಶ್ನೆಯನ್ನು ಮತವಿಚಾರದಲ್ಲಿ ಎತ್ತಿದರೆ ವಾದವೇ ಬೆಳೆಯುತ್ತದೆ. ಆದುದರಿಂದ ಯಾವ ಪಕ್ಷಕ್ಕೂ ಸೇರದ ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಎರಡನ್ನು ಅರುವತ್ತೇಳು ಸಲ ಬರೆದು ಒಂದರಿಂದೊಂದನ್ನು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆಯಿರಿ. 14,75,73,95,25,89,67,64,12,927 ಎಂಬ 21 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಒಂದು ಮತ್ತು ತಾನು, ಇವೆರಡರ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮೆರ್ಸೆನ್ ಅವರು 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಖ್ಯೆಯನ್ನು ಅವಿಭಾಜ್ಯಗಳ ಸಾಲಿಗೆ ಸೇರಿಸಿದರು. ಅದಕ್ಕೆ ಸಾಧನೆಯನ್ನು ಕೊಡಲಿಲ್ಲ. ಆದರೂ ಅವರು ವಿದ್ವತ್ಸಮೂಹದಲ್ಲಿ ಮಾನ್ಯರಾದವರು. ಇನ್ನೂರು ವರ್ಷಗಳಿಗೂ ಮೀರಿ ಆ ಮಾತನ್ನು ಯಾರೂ ಖಂಡಿಸಿ ತೋರಿಸಲಿಲ್ಲ.

1876ರಲ್ಲಿ ಅದೇ ದೇಶದ ಎದುವಾರ್ ಲೂಕಾ ಅವರು ಹೊಸದೊಂದು ಪರೀಕ್ಷೆಯಿಂದ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ಸ್ಥಾಪಿಸಿದರು. ಆದರೆ ಅದು ಯಾವುದರಿಂದ ಭಾಗವಾಗುತ್ತದೆಂಬುದನ್ನು ಆ ಪರೀಕ್ಷೆ ತಿಳಿಸದು. 134ರ ಯಾವುದಾದರೊಂದು ಗುಣಕಕ್ಕೆ ಒಂದನ್ನು ಕೂಡಿಸಿದಾಗ ಬರುವ ಸಂಖ್ಯೆಗಳಷ್ಟೇ ಇದನ್ನು ಭಾಗಿಸಬಲ್ಲವೆಂಬ ನಿಯಮವೇನೋ ಉಂಟು. ಆದರೂ ನಿಜವಾದ ಭಾಜಕ ಆ ಸಾಲಿನಲ್ಲಿ 14,45,580ನೆಯ ಸ್ಥಾನದಲ್ಲಿ ಅಡಗಿತ್ತು. 1903ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅವರು ಅದನ್ನು ಹೊರಗೆಡಹಿದರು: 193707721 ಮತ್ತು 761838257287, ಇವೆರಡರ ಗುಣಲಬ್ಧವೇ ನಮ್ಮ ಸಂಖ್ಯೆ. ಅವರು ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತರೆಂದೂ, ಈ ಶೋಧನೆಗೆ ಮೂರು ವರ್ಷಗಳ ಭಾನುವಾರಗಳು ಸಂದುವೆಂದೂ ಕಥೆಯಿದೆ.

ಇಲ್ಲಿ ಸಂಖ್ಯೆ ಎಂದೂ ಬದಲಾಗಲಿಲ್ಲ. ಮೆರ್ಸೆನ್ನರು ಬರೆದ ದಿನವೂ ಅದು ವಿಭಾಜ್ಯವೇ ಆಗಿತ್ತು. ಬದಲಾದುದು ಅದನ್ನು ಕುರಿತು ಮಾತನಾಡಲು ನಮಗಿದ್ದ ಅಧಿಕಾರ. ಮೊದಲನೆಯವರ ಮಾತನ್ನು ನಂಬಬೇಕಾಗಿತ್ತು. ಎರಡನೆಯವರದನ್ನು ಶಾಸ್ತ್ರಜ್ಞರು ಮಾತ್ರ ಪರಿಶೀಲಿಸಬಹುದಾಗಿತ್ತು. ಮೂರನೆಯವರದನ್ನು ಗುಣಾಕಾರ ಬಲ್ಲ ಶಾಲಾ ಬಾಲಕನೂ ಒರೆಗೆ ಹಚ್ಚಬಹುದು. ಹುಡುಕುವ ಶ್ರಮವನ್ನೆಲ್ಲ ತಾವೇ ಹೊತ್ತು, ಪರೀಕ್ಷಿಸುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಬಿಟ್ಟುಕೊಟ್ಟುದು ಕೋಲರ ದೊಡ್ಡತನ.

ಎಲ್ಲವನ್ನೂ ಎಲ್ಲರೂ ಪರೀಕ್ಷಿಸಲಾದೀತೇ ಎಂದು ನೀವು ಕೇಳಬಹುದು. ಆಗದು. ವೈದ್ಯನನ್ನೂ ಗುರುವನ್ನೂ ನಂಬದೆ ಬಾಳು ಸಾಗದು. ಆದರೆ ನಂಬುಗೆಯೆಂಬುದು ಕೈಗಡವಿದ್ದಂತೆ. ಪಡೆದವನು ತೀರಿಸುವ ಹೊಣೆಯನ್ನು ಮರೆಯಬಾರದು. ನುಡಿದವನು ಆಧಾರ ಕೊಡಲು ಸಿದ್ಧನಿರಬೇಕು, ಕೇಳಿದವನು ಆಧಾರ ಕೇಳುವುದನ್ನು ಅವಿನಯವೆಂದು ಬಗೆಯಬಾರದು.

ತಪ್ಪು ತೋರಿಬಂದುದರಿಂದ ಮೆರ್ಸೆನ್ನರ ಗೌರವವೇನೂ ಕುಂದಲಿಲ್ಲ. ಆ ಬಗೆಯ ಸಂಖ್ಯೆಗಳಿಗೆ ಇಂದಿಗೂ ಅವರ ಹೆಸರೇ ಇದೆ. 2024ರಲ್ಲಿ ಪತ್ತೆಯಾದ 4,10,24,320 ಅಂಕಿಗಳ ಅವಿಭಾಜ್ಯವೂ ಆ ಜಾತಿಯದೇ. ಹಿರಿಯರ ಮಾತನ್ನು ತಿದ್ದುವುದು ಅವರಿಗೆ ಮಾಡುವ ಅವಮಾನವೆಂದು ಅಂಜುವವರು ಇದನ್ನು ನೆನೆಯಬೇಕು. ಕೋಲರ ಎರಡು ಸಂಖ್ಯೆಗಳನ್ನೂ ಇಲ್ಲಿ ಕೊಟ್ಟಿದೆ. ಈ ಲೇಖಕನ ಮಾತನ್ನೂ ನಂಬಬೇಡಿರಿ; ಕಾಗದ ತೆಗೆದುಕೊಂಡು ಗುಣಿಸಿ ನೋಡಿರಿ.