ಉತ್ತರ ಬರುವ ಮುನ್ನ



ಆಗಮನ ಕಾಲದ ಮೊದಲ ವಾರದಲ್ಲಿ ಒಬ್ಬ ಅಜ್ಜಿ ಪೂಜೆಯ ಕೋರಿಕೆ ಬರೆಸಲು ಬಂದರು. ಮಗ, ಸೊಸೆ ಅಮೆರಿಕದಲ್ಲಿದ್ದಾರೆ. ಮೊಮ್ಮಗಳು ಹನ್ನೆರಡನೆಯ ತರಗತಿ. "ಡಿಸೆಂಬರ್ 16ರ ಬೆಳಗಿನ ಪೂಜೆ ಬೇಕು ಸ್ವಾಮಿ. ಅಲ್ಲಿ 15ರ ಸಂಜೆ ಏಳು ಗಂಟೆಗೆ ಉತ್ತರ ಬರುತ್ತದಂತೆ. ನಮಗೆ ಆಗ ಬೆಳಗಿನ ಐದೂವರೆ" ಎಂದರು. ಏನೆಂದು ಬರೆಯಲಿ ಎಂದು ಕೇಳಿದೆ. "ಸೀಟು ಸಿಗಲಿ ಅಂತ ಬರೆಯಿರಿ." ಪೂಜೆ ಶುರುವಾಗುವುದು ಆರು ಗಂಟೆಗೆ, ಅಷ್ಟರಲ್ಲಿ ಉತ್ತರ ಬಂದಾಗಿರುತ್ತದಲ್ಲಮ್ಮ ಎಂದೆ. ಅಜ್ಜಿ ಯೋಚನೆಗೆ ಬಿದ್ದರು.

ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅಲ್ಲಿನ ಆತಂಕ ಫೋನಿನಲ್ಲಿ ಇಲ್ಲಿಗೂ ಬರುತ್ತದೆ. ಆದ್ದರಿಂದ ಇದು ಏನೆಂದು ಸ್ವಲ್ಪ ತಿಳಿಯುವುದು ಒಳ್ಳೆಯದು. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳು ಮಕ್ಕಳನ್ನು ಸಾಮಾನ್ಯವಾಗಿ ಎರಡು ಸುತ್ತಿನಲ್ಲಿ ಆರಿಸುತ್ತವೆ. ಮುಂಚಿತ ಸುತ್ತಿಗೆ ನವೆಂಬರ್ 1ರ ಸುಮಾರಿಗೆ, ಅಂದರೆ ಸಕಲ ಸಂತರ ಹಬ್ಬದ ಹೊತ್ತಿಗೆ, ಅರ್ಜಿ ಹೋಗಬೇಕು. ಉತ್ತರ ಡಿಸೆಂಬರ್ ಮಧ್ಯದಲ್ಲಿ. ಆಗಮನ ಕಾಲದ ನಾಲ್ಕು ವಾರಗಳೂ ಈ ಕಾಯುವಿಕೆಯೂ ಹೀಗೆ ಒಂದರ ಮೇಲೊಂದು ಬೀಳುತ್ತವೆ. ಬ್ರೌನ್, ಕೊಲಂಬಿಯಾ ಮುಂತಾದ ಕಡೆ ಇದು ಮಾತು ಕೊಟ್ಟ ಅರ್ಜಿ: ಆಯ್ಕೆಯಾದರೆ ಇಲ್ಲಿಗೇ ಬರುತ್ತೇನೆ, ಉಳಿದ ಅರ್ಜಿಗಳನ್ನು ಹಿಂತೆಗೆಯುತ್ತೇನೆ ಎಂದು ಮಗು ಸಹಿ ಹಾಕುತ್ತದೆ, ಹೆತ್ತವರೂ ಹಾಕುತ್ತಾರೆ. ಶುಲ್ಕಕ್ಕೆ ಸಾಕಷ್ಟು ನೆರವು ದೊರೆಯದಿದ್ದರೆ ಮಾತ್ರ ಬಿಡುಗಡೆ. ಹಣವಂತರಿಗೇ ಈ ಸುತ್ತು ಹೆಚ್ಚು ಅನುಕೂಲವೆಂದು ಹಾರ್ವರ್ಡ್ 2006ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿತು. 2011ರಲ್ಲಿ ಮತ್ತೆ ತಂದಿತು!

ಉತ್ತರದಲ್ಲಿ ಮೂರು ಬಗೆ. ಬಾ ಎಂಬುದು, ಇಲ್ಲ ಎಂಬುದು, ಮತ್ತು ಮಾರ್ಚ್ ಕೊನೆಯವರೆಗೆ ಕಾದಿರು, ಉಳಿದವರ ಜೊತೆ ಇನ್ನೊಮ್ಮೆ ನೋಡುತ್ತೇವೆ ಎಂಬುದು. ಈ ಮೂರನೆಯದೇ ಮಕ್ಕಳನ್ನು ಹೆಚ್ಚು ಬಳಲಿಸುತ್ತದೆ ಎನ್ನುತ್ತಾರೆ ಹೆತ್ತವರು.

ನಮ್ಮ ಸಿಇಟಿಯಲ್ಲಿ ರ‍್ಯಾಂಕ್ ಕಡಿಮೆಯಾದರೆ ಅಂಕ ಸಾಲಲಿಲ್ಲ ಎಂದು ಹೇಳಿಕೊಳ್ಳಬಹುದು. ಅಲ್ಲಿ ಹಾಗಲ್ಲ. ಅಂಕಗಳ ಜೊತೆಗೆ ಮಗು ತನ್ನ ಬಗ್ಗೆ ತಾನೇ ಬರೆದ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಮಾಡಿದ ಸೇವೆ, ಆಡಿದ ಆಟ ಎಲ್ಲವನ್ನೂ ತೂಗುತ್ತಾರೆ. ಆದ್ದರಿಂದ ಇಲ್ಲ ಎಂಬ ಉತ್ತರ ಬಂದಾಗ ಹದಿನೇಳರ ಮಗುವಿಗೆ, 'ನನ್ನ ಅಂಕ ಬೇಡವಾಯಿತು' ಎಂದು ಕೇಳಿಸುವುದಿಲ್ಲ, 'ನಾನೇ ಬೇಡವಾದೆ' ಎಂದು ಕೇಳಿಸುತ್ತದೆ. ಹಾರ್ವರ್ಡ್, ಯೇಲ್‌ನಂಥ ಕಡೆ ಅರ್ಜಿ ಹಾಕಿದ ನೂರರಲ್ಲಿ ಹತ್ತು ಮಂದಿಗೂ ಪ್ರವೇಶ ಸಿಗುವುದಿಲ್ಲ. ಆ ಲೆಕ್ಕ ಮಗುವಿಗೆ ಗೊತ್ತಿಲ್ಲವೆಂದಲ್ಲ. ಲೆಕ್ಕದಿಂದ ಸಮಾಧಾನವಾಗುವ ನೋವು ಅದಲ್ಲ.

ಮುಂಚಿತ ಪ್ರವೇಶ ಬೇಡಿ ಪತ್ರಕ್ಕಾಗಿ ಕಾದವರಲ್ಲಿ ನಮಗೆಲ್ಲ ಚೆನ್ನಾಗಿ ಗೊತ್ತಿರುವ ಒಬ್ಬ ಹುಡುಗಿಯಿದ್ದಾಳೆ. ಲಿಸ್ಯುವಿನ ಸಂತ ತೆರೇಸಾ. ಹದಿನೈದನೆಯ ವಯಸ್ಸಿಗೇ ಕಾರ್ಮೆಲ್ ಮಠ ಸೇರಬೇಕೆಂಬ ಹಂಬಲ ಅವಳದು. ಇಪ್ಪತ್ತೊಂದು ತುಂಬುವವರೆಗೆ ಆಗದು ಎಂದರು ಮಠದ ಮೇಲ್ವಿಚಾರಕ ಗುರುಗಳು. 1887ರ ಅಕ್ಟೋಬರ್ 31ರಂದು ದೊಡ್ಡವಳಂತೆ ಕಾಣಲೆಂದು ತಲೆಗೂದಲನ್ನು ಮೇಲಕ್ಕೆತ್ತಿ ಕಟ್ಟಿಕೊಂಡು ಧರ್ಮಾಧ್ಯಕ್ಷರ ಬಳಿ ಹೋದಳು. ಆಗಲೂ ಕೈಗೆ ಉತ್ತರ ಸಿಗಲಿಲ್ಲ. ನವೆಂಬರ್ 20ರಂದು ರೋಮಿನಲ್ಲಿ, ಯಾರೂ ಮಾತಾಡಕೂಡದೆಂಬ ಅಪ್ಪಣೆಯಿದ್ದರೂ, ಜಗದ್ಗುರು ಹದಿಮೂರನೆಯ ಲಿಯೋರವರ ಪಾದದ ಬಳಿ ಮೊಣಕಾಲೂರಿ ಬೇಡಿದಳು. ಹಿರಿಯರು ಹೇಳಿದಂತೆ ನಡೆ ಎಂದರು ಅವರು. ಕಾವಲಿನವರು ಅಳುತ್ತಿದ್ದವಳನ್ನು ಎಬ್ಬಿಸಿ ಕಳುಹಿಸಬೇಕಾಯಿತು.

ಆಮೇಲೆ ಬಂದದ್ದು ಕಾಯುವ ದಿನಗಳು. ಪ್ರತಿದಿನ ಬೆಳಗಿನ ಪೂಜೆ ಮುಗಿಸಿ ತೆರೇಸಾ ತಂದೆಯ ಜೊತೆ ಅಂಚೆ ಕಚೇರಿಗೆ ಹೋಗುತ್ತಿದ್ದಳು. ಪತ್ರವಿಲ್ಲ. ಕ್ರಿಸ್ತಜಯಂತಿಯೂ ಕಳೆಯಿತು. ಅನುಮತಿ ಸಿಕ್ಕಿದೆ ಎಂಬ ಸುದ್ದಿ 1888ರ ಹೊಸ ವರ್ಷದ ದಿನ ತಲುಪಿತು. ಆದರೆ ತಪಸ್ಸು ಕಾಲ ಮುಗಿದ ನಂತರವೇ ಒಳಗೆ ಬರಬೇಕೆಂದು ಮಠದ ಮಾತೆ ತಡೆದರು. ಇನ್ನೂ ಮೂರು ತಿಂಗಳು! ಹೇಗೂ ಕಾಯಬೇಕಲ್ಲ, ಸ್ವಲ್ಪ ಸಡಿಲವಾಗಿಯೇ ಇರೋಣ ಎಂದು ಮೊದಲು ಅನಿಸಿದ್ದನ್ನು ಅವಳೇ ಬರೆದಿದ್ದಾಳೆ. ನಂತರ ಮನಸ್ಸು ಬದಲಿಸಿದಳು. ಬಾಯಿಗೆ ಬಂದ ಎದುರು ಮಾತನ್ನು ನುಂಗುವುದು, ಯಾರಿಗೂ ತಿಳಿಯದಂತೆ ಸಣ್ಣ ಉಪಕಾರ ಮಾಡುವುದು, ಹೀಗೆ ಆ ತಿಂಗಳುಗಳನ್ನು ಕಳೆದಳು. ಏಪ್ರಿಲ್ 9ರಂದು ಮಠ ಸೇರಿದಳು.

ನನಗೆ ಇದರಲ್ಲಿ ಅವಳಿಗಿಂತ ತಂದೆ ಲೂಯಿ ಮಾರ್ಟಿನ್ ಹೆಚ್ಚು ನೆನಪಾಗುತ್ತಾರೆ. ಮಡದಿ ತೀರಿಹೋಗಿದ್ದರು, ಇಬ್ಬರು ಹೆಣ್ಣುಮಕ್ಕಳು ಆಗಲೇ ಅದೇ ಮಠದಲ್ಲಿದ್ದರು, ಆ ವರ್ಷದ ಮೇ ತಿಂಗಳಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತ್ತು. ಇವಳು ಕಿರಿಯ ಮಗಳು. ಆದರೂ ಧರ್ಮಾಧ್ಯಕ್ಷರ ಮನೆಗೂ ರೋಮಿಗೂ ಜೊತೆಗೆ ಹೋದರು. ಅಂಚೆ ಕಚೇರಿಗೆ ಜೊತೆಗೆ ನಡೆದರು, ಬರಿಗೈಯಲ್ಲಿ ಜೊತೆಗೆ ಮರಳಿದರು. 2015ರಲ್ಲಿ ಧರ್ಮಸಭೆ ಅವರನ್ನೂ ಮಡದಿ ಸೆಲಿಯವರನ್ನೂ ಒಟ್ಟಿಗೆ ಸಂತರೆಂದು ಸಾರಿತು.

ನೀವು ಕೇಳಬಹುದು: ತೆರೇಸಾಳಿಗೆ ಕೊನೆಗೆ ಬಾಗಿಲು ತೆರೆಯಿತಲ್ಲ ಸ್ವಾಮಿ, ತೆರೆಯದವರ ಗತಿ ಏನು? ಸರಿಯಾದ ಪ್ರಶ್ನೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ತೆಗೆಯಿರಿ. ಯೂದನ ಸ್ಥಾನ ಖಾಲಿಯಿತ್ತು. ಬಾರ್ಸಬ್ಬ ಎನಿಸಿಕೊಂಡ ಜೋಸೆಫ್ ಮತ್ತು ಮತ್ತೀಯ ಎಂಬ ಇಬ್ಬರನ್ನು ನಿಲ್ಲಿಸಿದರು. ಯೊವಾನ್ನನ ಸ್ನಾನದ ಕಾಲದಿಂದ ಪ್ರಭು ಸ್ವರ್ಗಕ್ಕೇರಿದ ದಿನದವರೆಗೂ ಜೊತೆಗಿದ್ದವರೇ ಆಗಬೇಕೆಂದು ಪೇತ್ರ ಹೇಳಿದ್ದ. ಇಬ್ಬರೂ ಅಂಥವರೇ. ಪ್ರಾರ್ಥಿಸಿ ಚೀಟಿ ಹಾಕಿದರು. ಮತ್ತೀಯನ ಹೆಸರು ಬಂತು. ಜೋಸೆಫನಿಗೆ ಯಾಕೆ ಬರಲಿಲ್ಲ ಎಂದು ಯಾರೂ ಕಾರಣ ಹೇಳಲಿಲ್ಲ. ಈ ವಿಶ್ವವಿದ್ಯಾಲಯಗಳೂ ಹೇಳುವುದಿಲ್ಲ. ಜೋಸೆಫನಲ್ಲಿ ಕೊರತೆಯಿತ್ತು ಎಂಬ ಒಂದು ಮಾತೂ ಅಲ್ಲಿಲ್ಲ. ಮುಂದೆ ಅವನಿಗೆ ವಿಷ ಕುಡಿಯಬೇಕಾಗಿ ಬಂದರೂ ಪ್ರಭುವಿನ ಕೃಪೆಯಿಂದ ಕೇಡಾಗಲಿಲ್ಲವೆಂದು ಪಪಿಯಾಸ್ ತಿಳಿಸಿದ್ದನ್ನು ಚರಿತ್ರೆಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಆಯ್ಕೆಯಾಗದವನು ಪ್ರಭುವಿನ ಬಳಗವನ್ನು ಬಿಟ್ಟುಹೋಗಿರಲಿಲ್ಲ.

ತಂದೆತಾಯಿಯರೇ, ಈ ವಾರಗಳಲ್ಲಿ ನಿಮ್ಮ ಮುಖವನ್ನೇ ಮಗು ಓದುತ್ತಿರುತ್ತದೆ. ವೇಳಾಂಗಣಿ ಮಾತೆಗೆ ಹರಕೆ ಹೊರುವುದು ಬೇಡವೆನ್ನುವುದಿಲ್ಲ. ಆದರೆ ಮಗುವಿನ ಎದುರಿಗೆ ಹೊತ್ತ ಹರಕೆ ಅದರ ಹೆಗಲಿಗೇ ಇನ್ನೊಂದು ಹೊರೆ. ಹೆತ್ತವರ ಆತಂಕ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು 2019ರಲ್ಲಿ ಅಮೆರಿಕದಲ್ಲಿ ಕಂಡೆವು. ಮಕ್ಕಳ ಪ್ರವೇಶಕ್ಕಾಗಿ ಲಂಚ ಕೊಟ್ಟ ಸಿರಿವಂತರು ಜೈಲಿಗೆ ಹೋದರು. ನಾವು ಅಷ್ಟು ದೂರ ಹೋಗಲಾರೆವು, ನಿಜ. ಆದರೆ ಇಲ್ಲಿಂದ ಫೋನ್ ಮಾಡುವ ಅತ್ತೆ, ಚಿಕ್ಕಪ್ಪ, ದೊಡ್ಡಮ್ಮಂದಿರು ಇಂಥವರ ಮಗನಿಗೆ ಆಯಿತಂತೆ ಎಂದು ಶುರುಮಾಡುವುದನ್ನಾದರೂ ನಿಲ್ಲಿಸಬಹುದಲ್ಲ? ಅಂದು ಸಂಜೆ ಫಲಿತಾಂಶ ನೋಡುವ ಮೊದಲೇ ಮನೆಯವರೆಲ್ಲ ಕೂತು ಊಟ ಮಾಡಿ, ಒಂದು ಜಪಸರ ಹೇಳಿ. ಮಗು ಒಬ್ಬಂಟಿಯಾಗಿ ನೋಡಬೇಕೆಂದರೆ ಬಾಗಿಲ ಹೊರಗೆ ಕಾಯಿರಿ.

ಅಜ್ಜಿಯ ಕೋರಿಕೆ ಇನ್ನೂ ಬರೆಯದೆ ಹಾಗೇ ಇತ್ತು. ಬಹಳ ಹೊತ್ತು ಸುಮ್ಮನಿದ್ದು, "ಹುಡುಗಿಯ ಹೆಸರು ಮಾತ್ರ ಬರೆಯಿರಿ ಸ್ವಾಮಿ, ಸೀಟಿನ ಸುದ್ದಿ ಬೇಡ" ಎಂದರು. ಬರೆದುಕೊಂಡೆ. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ, ಅಂದು ಪೂಜೆ ಮುಗಿಯುವವರೆಗೆ ಫೋನ್ ಮನೆಯಲ್ಲೇ ಬಿಟ್ಟು ಬರುತ್ತೇನೆ ಎಂದರು.