ಕೇಳದೆ ಸರಿಸಿದ ಮಂಚ

ಅತ್ತೆ ತೀರಿಕೊಂಡು ವರ್ಷ ತುಂಬುವ ಮೊದಲೇ ಅವರ ಕೋಣೆಯಲ್ಲಿ ಬೆಂಚು ಹಾಕಿಸಿ ಮಕ್ಕಳಿಗೆ ಪಾಠ ಹೇಳಲು ಶುರುಮಾಡಿದೆ. ಮನೆಗೆ ನಾಲ್ಕು ಕಾಸು ಬೇಕಾಗಿತ್ತು. ಮಂಚ ಅಟ್ಟ ಸೇರಿತು. ಬೇಸಿಗೆ ರಜೆಗೆ ಬಂದ ನಾದಿನಿ ಹೊಸ್ತಿಲ ಮೇಲೆಯೇ ನಿಂತು, "ಇಷ್ಟು ಬೇಗ ತೆಗೆದುಬಿಟ್ಟಿರಾ ಅತ್ತಿಗೆ?" ಎಂದಳು. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ಹುಟ್ಟಿದ್ದು, ಅವಳ ಎರಡೂ ಬಾಣಂತನ ನಡೆದದ್ದು ಅದೇ ಕೋಣೆಯಲ್ಲಿ.

ಆ ಬಿಗುವಿನಲ್ಲಿಯೇ ಮಕ್ಕಳನ್ನು ಕಟ್ಟಿಕೊಂಡು ಮಡಿಕೇರಿಗೆ ಹೋದೆವು. ಅಲ್ಲಿಯ ಕೋಟೆ ದೊಡ್ಡದೇನಲ್ಲ. ಒಂದು ಸುತ್ತು ಹಾಕಿ ಕಾಫಿಗೆ ಬಂದುಬಿಡಬಹುದು. ಆದರೆ ಅಷ್ಟು ಚಿಕ್ಕ ಜಾಗ ಎಷ್ಟು ಸಲ ಕೈ ಬದಲಾಯಿಸಿದೆ! ಹದಿನೇಳನೆಯ ಶತಮಾನದಲ್ಲಿ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ದೊಡ್ಡ ವೀರರಾಜೇಂದ್ರ ಮರಳಿ ಗೆದ್ದ. ಲಿಂಗರಾಜೇಂದ್ರ 1812ರಿಂದ 1814ರೊಳಗೆ ಅರಮನೆಯನ್ನು ಹೊಸದು ಮಾಡಿಸಿದ. 1834ರಲ್ಲಿ ಇಂಗ್ಲಿಷರ ಬಾವುಟ ಏರಿತು. ಅರಮನೆ ಕಚೇರಿಯಾಯಿತು. 1933ರಲ್ಲಿ ಕಮಿಷನರರ ಕಾರು ನಿಲ್ಲಲೆಂದು ಅದಕ್ಕೆ ಮುಂಚಾವಣಿ, ಪಕ್ಕದಲ್ಲಿ ಗಡಿಯಾರದ ಗೋಪುರ ಬಂದವು. ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ಅಲ್ಲಿ ಜಿಲ್ಲಾ ಕಚೇರಿಯೇ ಇತ್ತು. ಕೋಟೆಯೊಳಗೆ ಜೈಲೂ ಇತ್ತು.

ಅಂಗಳದ ಗಾರೆಯ ಆನೆಗಳ ಹತ್ತಿರ ಮಕ್ಕಳು ಓಡಿದರು. ನಾದಿನಿ ಅರಮನೆಯ ಕಡೆ ನೋಡುತ್ತ, "ಅಡುಗೆಮನೆ ಎಲ್ಲಿತ್ತೋ?" ಎಂದಳು. ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸುವ ನನಗೆ ಗೊತ್ತಿರಲಿಲ್ಲ. ಯಾರೂ ಕೇಳುವ ಪ್ರಶ್ನೆಯೂ ಅಲ್ಲವಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿಯ ಇಗರ್ಜಿ. ಹತ್ತೊಂಬತ್ತನೆಯ ಶತಮಾನದ ನಡುವೆ, ಕೋಟೆಯೊಳಗಿದ್ದ ವೀರಭದ್ರನ ಗುಡಿ ತೆಗೆಸಿ ಅದನ್ನು ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ವೀರಗಲ್ಲುಗಳು, ದೇವರ ಮೂರ್ತಿಗಳು. ಗುಡಿ ಹೋದ ಜಾಗಕ್ಕೆ ದೇವರುಗಳು ಬಂದಿದ್ದಾರೆ, ಪೂಜೆ ಮಾತ್ರ ಇಲ್ಲ.

ಇದರಲ್ಲಿ ಯಾವುದು ತಪ್ಪು? ಮೊದಮೊದಲು ನನಗೆ ಸುಲಭವೆನಿಸಿತು. ಗುಡಿ ಕೆಡವಿದ್ದು ತಪ್ಪು, ಅರಮನೆಯಲ್ಲಿ ಗುಮಾಸ್ತರು ಕೂತದ್ದು ತಪ್ಪಲ್ಲ, ಏಕೆಂದರೆ ಅದು ಅಗತ್ಯಕ್ಕಾಗಿ. ದಿನಾ ಜನ ಓಡಾಡುವ ಮನೆಯ ಹೆಂಚನ್ನಾದರೂ ಯಾರೋ ಒಬ್ಬರು ಸರಿಮಾಡಿಸುತ್ತಾರೆ. ಆದರೆ ಅಗತ್ಯವೆಂಬ ಮಾತನ್ನು ಇಗರ್ಜಿ ಕಟ್ಟಿದವರೂ ಆಡಬಹುದಿತ್ತು. ಅವರಿಗೂ ಪ್ರಾರ್ಥನೆಗೆ ಜಾಗ ಬೇಕಿತ್ತಲ್ಲವೆ? ಹಾಗಾದರೆ ಅಗತ್ಯ ಒಂದೇ ಸಾಲದು. ಕಳೆದುಕೊಳ್ಳುವವರನ್ನು ಕೇಳಿದರೋ ಇಲ್ಲವೋ ಅನ್ನುವುದಲ್ಲವೆ ಮುಖ್ಯ?

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಕ್ರೌರ್ಯದ ಕಥೆ ಎಲ್ಲರೂ ಹೇಳುತ್ತಾರೆ. ಪಟ್ಟ ಕಳೆದುಕೊಂಡವನ ಬಗ್ಗೆ ನನಗೂ ಕನಿಕರ ಕಡಿಮೆ. ಆದರೆ ಅವನ ಮಗಳು ಗೌರಮ್ಮ? 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದ ಹುಡುಗಿಗೆ ಅದೇ ವರ್ಷ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ತನ್ನ ಹೆಸರನ್ನೇ ಕೊಟ್ಟಳು. ಗೌರಮ್ಮ 1864ರಲ್ಲಿ ಅಲ್ಲೇ ತೀರಿಕೊಂಡಳು. ಮನೆ ಯಾರದಾಗಬೇಕೆಂದು ಅವಳನ್ನು ಯಾರೂ ಕೇಳಿರಲಾರರು.

ನಾನೂ ಕೇಳಿರಲಿಲ್ಲ. ಮಂಚ ಹೊರಿಸುವ ಮುಂಚೆ ಅವಳಿಗೊಂದು ಕಾಗದ ಬರೆಯಲು ಎಷ್ಟು ಹೊತ್ತು ಬೇಕಿತ್ತು? ಹೆಣ್ಣುಮಗಳು, ಕೊಟ್ಟ ಮನೆಗೆ ಹೋದವಳು ಎಂದು ನನಗೂ ಅನಿಸಿತ್ತೆಂದು ಒಪ್ಪಿಕೊಳ್ಳಬೇಕು. ನಾನೂ ಒಂದು ತವರು ಬಿಟ್ಟು ಬಂದವಳೇ.

ಬಸ್ಸಿನಲ್ಲಿ ಅವಳಿಗೆ ಹಾಗೆಂದೇ ಹೇಳಿದೆ. "ಪಾಠ ನಿಲ್ಲಿಸಿ ಅಂದೆನಾ ನಾನು?" ಎಂದು ಕಿಟಕಿಯ ಕಡೆ ತಿರುಗಿದಳು. ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ತಾನಾಗಿಯೇ ಕೋಣೆಯೊಳಗೆ ಹೋದಳು. ಮಂಚದ ಕಾಲುಗಳು ಊರಿ ಊರಿ ಸಿಮೆಂಟು ನೆಲದ ಮೇಲೆ ನಾಲ್ಕು ಗುಳಿ ಬಿದ್ದಿವೆ. ನಾನು ನೋಡಿರಲೇ ಇಲ್ಲ, ಅವಳು ತೋರಿಸಿದಳು. ಹಿಂದಿನ ಬೆಂಚು ಅವುಗಳಲ್ಲಿ ಎರಡರ ಮೇಲೆ ಕೂತಿತ್ತು. ಇಬ್ಬರೂ ಹಿಡಿದು ಗೋಡೆಯ ಕಡೆಗೆ ಸರಿಸಿದೆವು. ಮೂವರು ಮಕ್ಕಳು ಇನ್ನು ಸ್ವಲ್ಪ ಒತ್ತಿಕೊಂಡು ಕೂರಬೇಕಾಗುತ್ತದೆ.