ಬೇಸತ್ತು ಬಿಡುವುದು

ಕಂಪ್ಯೂಟರಿನ ಸಹವಾಸವಿರುವ ಮನೆಗಳಲ್ಲೆಲ್ಲ ಒಂದಲ್ಲ ಒಂದು ದಿನ ಈ ಮಾತು ಕೇಳಿಬರುತ್ತದೆ: ‘ಸಾಕಾಯಿತು, ಇದನ್ನು ಕಿತ್ತುಹಾಕಿ ಬೇರೆಯದನ್ನು ಹಾಕಿಬಿಡುತ್ತೇನೆ.’ ಹೀಗೆ ಹೇಳುವವರು ಬದಲಿಸಹೊರಟಿರುವುದು ಯಂತ್ರವನ್ನಲ್ಲ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಎಂಬುದನ್ನು. ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗುವವರುಂಟು, ಲಿನಕ್ಸ್ ಬಿಟ್ಟು ಮ್ಯಾಕ್‌ಗೆ ಹೋಗುವವರುಂಟು, ಭಾನುವಾರ ಹೋಗಿ ಗುರುವಾರ ಹಿಂದಿರುಗುವವರೂ ಉಂಟು. ಇದರಲ್ಲಿ ಧರ್ಮಾಧರ್ಮದ ವಿಚಾರವೇನು ಬಂತು, ಬೇಡವಾದ ಚಪ್ಪಲಿ ಬದಲಿಸಿದಂತೆ ಬದಲಿಸಿದರಾಯಿತು ಎಂದು ವಾಚಕರು ಹೇಳಬಹುದು. ಅಷ್ಟು ಸರಳವಲ್ಲವೆಂಬುದು ನನ್ನ ಅನಿಸಿಕೆ.

ಬೇಸರಕ್ಕೆ ಕಾರಣಗಳಿಲ್ಲವೆಂದಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನದಾದ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಸಂಸ್ಕಾರಕವೂ ತೀರ ಹಳೆಯದಾಗಿರಬಾರದು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಹೀಗೆ ಒಂದು ದಿನಾಂಕದಿಂದ ‘ಹಳೆಯವು’ ಎನಿಸಿಕೊಂಡವು. ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ಭದ್ರತೆಯ ವ್ಯವಸ್ಥೆ ಮಾಡಿದರು, ನಿಜ. ಆದರೆ ಮಗನ ಕಾಲೇಜಿಗೆಂದು ಕಂತಿನಲ್ಲಿ ಯಂತ್ರ ಕೊಂಡ ಸಂಸಾರಸ್ಥನಿಗೆ ಅದು ಯಾವ ಸಮಾಧಾನ? ಇದರ ಮೇಲೆ, ಅವಸರದ ಕೆಲಸದ ನಡುವೆ ‘ನವೀಕರಿಸುತ್ತಿದ್ದೇನೆ, ಕಾಯಿರಿ’ ಎನ್ನುವುದು, ನಮ್ಮದೇ ಯಂತ್ರದೊಳಗೆ ಹೋಗಲು ಕಂಪನಿಯ ಖಾತೆ ತೆರೆಯಿರಿ ಎನ್ನುವುದು ಇತ್ಯಾದಿ. ಇವುಗಳಲ್ಲಿ ಯಾವುದೂ ದೊಡ್ಡ ಅನ್ಯಾಯವಲ್ಲ. ದೊಡ್ಡ ಅನ್ಯಾಯಕ್ಕೆ ಸಿಟ್ಟು ಬರುತ್ತದೆ. ಸಣ್ಣವು ರಾಶಿಯಾದಾಗ ಬೇಸರ ಬರುತ್ತದೆ. ಸಿಟ್ಟಿಗೆ ಗುರಿಯಿರುತ್ತದೆ, ಬೇಸರಕ್ಕೆ ಇರುವುದಿಲ್ಲ.

ನಮ್ಮ ಹಿರಿಯರು ತಾತ್ಕಾಲಿಕ ವೈರಾಗ್ಯಕ್ಕೆ ಮೂರು ಹೆಸರಿಟ್ಟಿದ್ದರು: ಪುರಾಣವೈರಾಗ್ಯ, ಪ್ರಸವವೈರಾಗ್ಯ, ಸ್ಮಶಾನವೈರಾಗ್ಯ. ಪುರಾಣ ಕೇಳಿದಾಗ ಹುಟ್ಟುವುದು ಮನೆ ಮುಟ್ಟುವಷ್ಟರಲ್ಲಿ ಆರಿರುತ್ತದೆ. ಸ್ಮಶಾನದಲ್ಲಿ ಹುಟ್ಟಿದ್ದು ಸ್ನಾನ ಮುಗಿಯುವವರೆಗೆ. ಬೇಸತ್ತು ಆಪರೇಟಿಂಗ್ ಸಿಸ್ಟಂ ಬದಲಿಸುವುದನ್ನು ಈ ಪಟ್ಟಿಗೆ ನಾಲ್ಕನೆಯದಾಗಿ ಸೇರಿಸಬಹುದು. ಹೊಸದರಲ್ಲಿ ಮುದ್ರಣಯಂತ್ರ ಮಾತು ಕೇಳದಿದ್ದಾಗ, ಆದಾಯ ತೆರಿಗೆಗೆ ಬೇಕಾದ ಸಹಿಯ ಸಾಧನ ಕೆಲಸ ಮಾಡದಿದ್ದಾಗ, ಬಿಟ್ಟುಬಂದದ್ದರ ಗುಣಗಳೆಲ್ಲ ಒಮ್ಮೆಲೇ ನೆನಪಾಗುತ್ತವೆ. ಅಷ್ಟರಲ್ಲಿ ಹಳೆಯ ಕಡತಗಳು ಅಳಿಸಿಹೋಗಿದ್ದರೆ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದಾಗ ಬಂದೀತೆ?

ಹಾಗೆಂದು ‘ಹೊಂದಿಕೊಂಡು ಹೋಗು’ ಎಂಬ ಉಪದೇಶವನ್ನು ನಾನು ಮಾಡಲಾರೆ. ಆ ಉಪದೇಶವನ್ನು ನಮ್ಮಲ್ಲಿ ಬಹಳ ಕಾಲ ಸೊಸೆಯಂದಿರಿಗೆ ಮಾತ್ರ ಮೀಸಲಿಟ್ಟಿದ್ದರು. ಅದರಿಂದ ಸುಧಾರಿಸಿದ ಮನೆಗಳು ಎಷ್ಟೆಂದು ನಮಗೆಲ್ಲ ಗೊತ್ತು. ಬೇಸರವೂ ಒಂದು ಬಗೆಯ ಅರಿವೇ. ಏನೋ ಸರಿಯಿಲ್ಲವೆಂದು ಬುದ್ಧಿಗಿಂತ ಮೊದಲು ಹೇಳುವುದು ಅದೇ. ಅದನ್ನು ಸಾಕ್ಷಿಯಾಗಿ ಕರೆಯಬೇಕು. ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವುದು ಮಾತ್ರ ಬೇಡ.

ಬೇಸರವನ್ನು ಹೀಗೆ ಸಾಕ್ಷಿಯಾಗಿ ಬಳಸಿಕೊಂಡ ಒಬ್ಬರ ಕಥೆ ಪ್ರಸಿದ್ಧವೇ ಆಗಿದೆ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡುತ್ತಿದ್ದಾಗ, 1980ರ ಸುಮಾರಿಗೆ, ಜೆರಾಕ್ಸ್ ಕಂಪನಿಯ ಒಂದು ಮುದ್ರಣಯಂತ್ರ ಬಂತು. ಕಾಗದ ಪದೇಪದೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆ ತಿಳಿಯುವಂತೆ ಅವರೇ ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ತಂತ್ರಾಂಶದ ಮೂಲಪಾಠವೇ ಕೈಗೆ ಸಿಗದು. ಅದು ಇನ್ನೊಂದು ವಿಶ್ವವಿದ್ಯಾಲಯದ ಒಬ್ಬರಲ್ಲಿತ್ತು; ಅವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂದುಬಿಟ್ಟರು. ಸ್ಟಾಲ್‌ಮನ್ ಅವರನ್ನು ಕಾಡಿದ್ದು ಸಿಕ್ಕಿಕೊಂಡ ಕಾಗದಕ್ಕಿಂತ ಹೆಚ್ಚಾಗಿ ಆ ಸಹಿ. ನೆರೆಯವನಿಗೆ ನೆರವಾಗುವುದಿಲ್ಲವೆಂದು ಮುಂಚಿತವಾಗಿಯೇ ಮಾತು ಕೊಡುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. 1983ರ ಸೆಪ್ಟೆಂಬರಿನಲ್ಲಿ ಅವರು ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ತಿರುಳು ಅದರೊಡನೆ ಕೂಡಿ, ಇಂದು ನಾವು ಲಿನಕ್ಸ್ ಎನ್ನುವುದು ಆಯಿತು.

ನಮ್ಮ ಹೆಂಗಸರಿಗೆ ಈ ತತ್ವವನ್ನು ವಿವರಿಸಬೇಕಾಗಿಲ್ಲ. ಚಾಳಿನಲ್ಲಿ ಸಂಸಾರ ಮಾಡಿದವರು ರಾತ್ರಿ ಹಾಲಿಗೆ ಹೆಪ್ಪಿಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತರುತ್ತಿದ್ದರು. ಕೊಟ್ಟವಳ ಪಾತ್ರೆ ಅದರಿಂದ ಬರಿದಾಗುತ್ತಿರಲಿಲ್ಲ. ಯಾರಿಗೂ ಹೆಪ್ಪು ಕೊಡುವುದಿಲ್ಲವೆಂದು ಹಾಲಿನವನಿಗೆ ಬರೆದುಕೊಡಬೇಕಾಗಿ ಬಂದಿದ್ದರೆ ಚಾಳಿನ ಗತಿಯೇನು?

ಇನ್ನು ಬೇಸತ್ತು ಹೊರಟವರಿಂದ ಉಳಿದವರಿಗೆ ಏನಾಗುತ್ತದೆಂಬ ಪ್ರಶ್ನೆ. ನೈತಿಕವಾಗಿ ಇದೇ ಹೆಚ್ಚು ತೊಡಕಿನದು. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಇದನ್ನು ವಿಚಾರಿಸಿದ್ದಾರೆ. ಅವರಿಗೆ ಹೊಳಹು ಸಿಕ್ಕಿದ್ದು ನೈಜೀರಿಯದ ರೈಲ್ವೆಯಲ್ಲಿ. ಲಾರಿಗಳ ಪೈಪೋಟಿ ಬಂದರೆ ರೈಲು ಸುಧಾರಿಸಬೇಕು ತಾನೆ? ಸುಧಾರಿಸಲಿಲ್ಲ. ಗದ್ದಲ ಮಾಡಿ ರೈಲನ್ನು ಸರಿಪಡಿಸಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದದ್ದರಿಂದ ರೈಲ್ವೆಯವರಿಗೆ ಕೇಳುವವರೇ ಇಲ್ಲದಾದರು. ಬಿಟ್ಟುಹೋಗುವುದು ಒಂದು ದಾರಿ, ದನಿಯೆತ್ತುವುದು ಇನ್ನೊಂದು. ಮೊದಲನೆಯದು ಸುಲಭವಾದಷ್ಟೂ ಎರಡನೆಯದು ಸೊರಗಬಹುದು. ಕಂಪ್ಯೂಟರಿನಲ್ಲೂ ತಿಳಿದವರು ಸದ್ದಿಲ್ಲದೆ ಹೊರಟರೆ, ಬ್ಯಾಂಕಿನ ಎದುರು ವಿಧಿಯಿಲ್ಲದೆ ಅದೇ ಪರದೆಯನ್ನು ನೋಡುವ ಗುಮಾಸ್ತ ಉಳಿಯುತ್ತಾನೆ.

ಜರ್ಮನಿಯ ಮ್ಯೂನಿಕ್ ನಗರದ ಕಥೆ ಇಲ್ಲಿ ನೆನಪಿಡತಕ್ಕದ್ದು. ವಿಂಡೋಸ್ ಎನ್‌ಟಿ 4ರ ಬೆಂಬಲ ನಿಲ್ಲುವುದೆಂದು ತಿಳಿದಾಗ ಅಲ್ಲಿನ ನಗರಸಭೆ 2003ರಲ್ಲಿ ಲಿನಕ್ಸ್‌ಗೆ ಹೋಗುವ ನಿರ್ಣಯ ಮಾಡಿತು. ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ಸ್ವತಃ ಬಂದು ಮೇಯರನ್ನು ಕಂಡರೂ ನಿರ್ಣಯ ಬದಲಾಗಲಿಲ್ಲ. ಹತ್ತು ವರ್ಷ ದುಡಿದು, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಬದಲಿಸಿದರು. ನೌಕರರ ದೂರುಗಳು ಮುಗಿಯಲಿಲ್ಲ. 2017ರಲ್ಲಿ ವಿಂಡೋಸ್‌ಗೆ ಮರಳುವ ನಿರ್ಣಯವಾಯಿತು. ತಜ್ಞರು ಪರಿಶೀಲಿಸಿದಾಗ, ತೊಂದರೆಗಳ ಬೇರು ಬಹಳಷ್ಟು ಮಟ್ಟಿಗೆ ನಗರಾಡಳಿತದ ವಿಭಾಗಗಳ ಹೊಂದಾಣಿಕೆಯಲ್ಲಿಯೇ ಕಂಡಿತ್ತು. ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು ಎಂಬ ಗಾದೆ ಜರ್ಮನ್ ಭಾಷೆಯಲ್ಲಿ ಇದೆಯೋ ಇಲ್ಲವೋ. ಆದರೂ ಆ ಹತ್ತು ವರ್ಷಗಳನ್ನು ವ್ಯರ್ಥವೆನ್ನಲು ನನಗೆ ಮನಸ್ಸಿಲ್ಲ. ಹೊರಟಾಗ ಅವರು ಲೆಕ್ಕ ಹಾಕಿ, ವಾದ ಮಾಡಿ, ಮತ ಹಾಕಿ ಹೊರಟಿದ್ದರು. ಮರಳುವಾಗಿನ ಮನಸ್ಸಿನಲ್ಲಿ ಬೇಸರದ ಪಾಲು ಹೆಚ್ಚಿತ್ತೆಂದು ನನ್ನ ಅಭಿಪ್ರಾಯ.

ನಗರಸಭೆಯಲ್ಲಿ ಮತವಾದರೂ ಇರುತ್ತದೆ. ಮನೆಯಲ್ಲಿ? ನಮ್ಮಲ್ಲಿ ಸಾಮಾನ್ಯವಾಗಿ ಬೇಸರಪಡುವವನು ಒಬ್ಬ, ಅದರ ದಂಡ ತೆರುವವರು ಇನ್ನೊಬ್ಬರು. ಯಜಮಾನನೋ ಮಗನೋ ರಾತ್ರೋರಾತ್ರಿ ಎಲ್ಲವನ್ನೂ ಬದಲಿಸಿ ಜಯಿಸಿದವನಂತೆ ಮಲಗುತ್ತಾನೆ. ಬೆಳಿಗ್ಗೆ ವಿದ್ಯುತ್ ಬಿಲ್ಲು ಕಟ್ಟಲು ಕುಳಿತ ಗೃಹಿಣಿಗೆ ದಾರಿ ಕಾಣುವುದಿಲ್ಲ. ಆಕೆ ತಿಂಗಳುಗಟ್ಟಲೆ ಕಷ್ಟಪಟ್ಟು, ಮಕ್ಕಳಿಂದ ‘ಅಷ್ಟೂ ಗೊತ್ತಾಗುವುದಿಲ್ಲವೇನಮ್ಮಾ’ ಎನಿಸಿಕೊಂಡು ಕಲಿತದ್ದನ್ನು ಯಾರೂ ಆಕೆಯನ್ನು ಕೇಳದೆ ಅಳಿಸಿಬಿಟ್ಟಂತಾಯಿತು. ಸ್ವಾತಂತ್ರ್ಯದ ಹೆಸರಿನಲ್ಲಿ ಮಾಡಿದ ಕೆಲಸವಾದ್ದರಿಂದ ಇದು ನನಗೆ ಇನ್ನಷ್ಟು ಕಸಿವಿಸಿಯೆನಿಸುತ್ತದೆ. ಸ್ವಂತ ಬಿಡುಗಡೆಗೆಂದು ಮನೆಯವರ ಕೈ ಕಟ್ಟುವುದು ಯಾವ ಸ್ವಾತಂತ್ರ್ಯ?

ಕನ್ನಡದವರಿಗೆ ಇನ್ನೊಂದು ತೊಡಕುಂಟು. ಹೊರನಾಡಿನ ಸಂಘಗಳ ಹಳೆಯ ಸದಸ್ಯರ ಪಟ್ಟಿ, ನಾಟಕದ ಹಸ್ತಪ್ರತಿ, ವಾರ್ಷಿಕ ವರದಿ ಇವೆಲ್ಲ ಬಹುಪಾಲು ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇವೆ. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್‌ಗೆ ಬದಲಾಯಿಸಿಕೊಂಡರೆ ಈ ಕಷ್ಟವಿಲ್ಲ. ಎಲ್ಲಿ ಹೋದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲೂ ದೊರೆಯುತ್ತದೆ, ಆದ್ದರಿಂದ ಬೆರಳುಗಳು ಹೊಸದಾಗಿ ಕಲಿಯಬೇಕಾಗಿಲ್ಲ. ಅಲ್ಲಿನ ಕನ್ನಡ ಅಕ್ಷರಗಳಿಗೆ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಎಂದು ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಬಿಟ್ಟುಬರುವುದರ ವಿಚಾರ ನಮಗೆ ಯಾರೂ ಕಲಿಸಬೇಕಾದದ್ದಲ್ಲ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ತಲೆಮಾರು ಊರನ್ನು ಬಿಟ್ಟದ್ದು ಪ್ರೀತಿಯಿಂದಲ್ಲ. ಬಡತನದಿಂದ, ಕೆಲವರು ಬೇಸರದಿಂದ. ಆದರೆ ಅವರು ಬಿಟ್ಟಮೇಲೂ ದನಿ ನಿಲ್ಲಿಸಲಿಲ್ಲ. ಊರಿನ ಶಾಲೆಗೆ ಹಣ ಕಳುಹಿಸಿದರು, ರಜೆಯಲ್ಲಿ ಹೋದಾಗ ಅಲ್ಲಿಯ ವ್ಯವಹಾರದಲ್ಲಿ ಮೂಗು ತೂರಿಸಿದರು, ಬೈಸಿಕೊಂಡರು. ಹೋಗುವುದು, ಹೇಳುವುದು ಎರಡನ್ನೂ ಒಟ್ಟಿಗೆ ಮಾಡಬಹುದೆಂದು ಹರ್ಷ್‌ಮನ್ನರ ಪುಸ್ತಕ ಬರುವ ಮುಂಚೆಯೇ ಅವರಿಗೆ ಗೊತ್ತಿತ್ತು.

ಒಂದೇ ಯಂತ್ರದಲ್ಲಿ ಹಳೆಯದನ್ನೂ ಹೊಸದನ್ನೂ ಇಟ್ಟುಕೊಂಡು, ತೆರೆಯುವಾಗ ಯಾವುದು ಬೇಕೆಂದು ಆರಿಸಿಕೊಳ್ಳುವ ವ್ಯವಸ್ಥೆಯಿದೆ. ಇದನ್ನು ಅರೆಮನಸ್ಸಿನವರ ಉಪಾಯವೆಂದು ಬಲ್ಲವರು ನಗುತ್ತಾರೆ. ನಗಲಿ. ಆರು ತಿಂಗಳು ಹಾಗಿರಲಿ. ಆಗ ಗೃಹಿಣಿ ತನ್ನ ಬಿಲ್ಲನ್ನು ತನಗೆ ತಿಳಿದ ದಾರಿಯಲ್ಲಿ ಕಟ್ಟುತ್ತಾಳೆ, ಮಗ ತನ್ನ ಪ್ರಯೋಗ ಮಾಡುತ್ತಾನೆ, ಸಂಘದ ಕಾರ್ಯದರ್ಶಿಗೆ ಹಳೆಯ ವರದಿಗಳನ್ನು ಯೂನಿಕೋಡ್‌ಗೆ ತಿರುಗಿಸಲು ನಾಲ್ಕಾರು ಭಾನುವಾರಗಳು ಸಿಗುತ್ತವೆ. ಹೊಸದರಲ್ಲಿ ಕಂಡ ದೋಷವನ್ನು ಅದನ್ನು ಕಟ್ಟಿದವರಿಗೆ ಬರೆದು ತಿಳಿಸಲೂ, ಹಳೆಯದರ ಕಂಪನಿಗೆ ಏಕೆ ಬಿಡುತ್ತಿದ್ದೇವೆಂದು ನಾಲ್ಕು ಸಾಲು ಬರೆಯಲೂ ಅಷ್ಟು ಸಮಯ ಬೇಕಾಗುತ್ತದೆ.